ತಾತ್ಕಾಲಿಕ ಪ್ರಯಾಣ ನಿರ್ಬಂಧವಿರುವಾಗ ದೇಶದ ಗಡಿ ದಾಟುವುದು ಹೇಗೆ: ಬೆಂಗಳೂರಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ನಿರ್ಬಂಧ ಜಾರಿಯಲ್ಲಿರುವಾಗ ವಿದೇಶಕ್ಕೆ ಹೊರಟವರ ಪ್ರಯಾಣ ಮುರಿದುಬೀಳುವ ಜಾಗ ಹೆಚ್ಚಾಗಿ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್. ವೀಸಾ ಇರುತ್ತದೆ, ಟಿಕೆಟ್ ಇರುತ್ತದೆ, ಪಾಸ್‌ಪೋರ್ಟಿನ ಅವಧಿಯೂ ಇರುತ್ತದೆ; ಆದರೂ ಸಿಬ್ಬಂದಿ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ. ಬೀಳ್ಕೊಟ್ಟು ಹೊರಟ ಮನೆಯವರ ಕಾರು ಹೆಬ್ಬಾಳ ತಲುಪುವ ಮೊದಲೇ ವಾಪಸ್ ಬರುವಂತೆ ಫೋನ್ ಹೋಗುತ್ತದೆ. ಇಂಥ ಪ್ರಸಂಗಗಳ ಹಿಂದೆ ಬಹುಮಟ್ಟಿಗೆ ಒಂದೇ ಕಾರಣವಿದೆ: ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಟಿಕೆಟ್ ಕೊಂಡು, ನಂತರ ನಿಯಮ ಕೇಳಿಸಿಕೊಂಡು, ಕೊನೆಯ ದಿನ ದಾಖಲೆಗಾಗಿ ಪರದಾಡುವವರೇ ಹೆಚ್ಚು. ನಿಯಮ ಮೊದಲು, ದಾಖಲೆ ಆಮೇಲೆ, ಟಿಕೆಟ್ ಎಲ್ಲಕ್ಕಿಂತ ಕೊನೆಗೆ ಎಂಬ ಕ್ರಮದಲ್ಲಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಸಾಂಕ್ರಾಮಿಕ, ಯುದ್ಧ, ವಾಯುಪ್ರದೇಶದ ಮುಚ್ಚುಗಡೆ, ರಾಜತಾಂತ್ರಿಕ ಬಿಕ್ಕಟ್ಟು, ವೀಸಾ ನೀತಿಯ ದಿಢೀರ್ ಬದಲಾವಣೆ, ಹೀಗೆ ನಿರ್ಬಂಧದ ಕಾರಣ ಯಾವುದೇ ಆಗಿರಲಿ, ಆದೇಶಗಳ ರಚನೆ ಒಂದೇ ರೀತಿ ಇರುತ್ತದೆ. ಕೆಳಗೆ 2020ರಿಂದ 2025ರವರೆಗಿನ ಕೆಲವು ಆದೇಶಗಳನ್ನು ಉದಾಹರಿಸಿರುವುದು ಆದೇಶವನ್ನು ಓದುವ ವಿಧಾನವನ್ನು ತೋರಿಸಲು ಮಾತ್ರ. ನೀವು ಹೊರಡುವ ದಿನದ ನಿಯಮವನ್ನು ಅಂದಿನ ಆದೇಶದಲ್ಲೇ ನೋಡಬೇಕು.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಪಾಸ್‌ಪೋರ್ಟ್, ಹಳೆಯ ಪಾಸ್‌ಪೋರ್ಟಿನಲ್ಲಿ ಚಾಲ್ತಿ ವೀಸಾ ಇದ್ದರೆ ಅದು ಕೂಡ, ಮೂಲ ಆದೇಶದ ಮುದ್ರಿತ ಪ್ರತಿ, ಬೇರೆ ಬೇರೆ ದೇಶಗಳ ಸಮಯವನ್ನು ತೋರಿಸುವ ಗಡಿಯಾರದ ಆ್ಯಪ್, ಒಂದು ಖಾಲಿ ಹಾಳೆ, ವಿದೇಶದಲ್ಲೂ ನಡೆಯುವ ಎರಡು ಬೇರೆ ಬೇರೆ ಬ್ಯಾಂಕುಗಳ ಕಾರ್ಡು, ರೋಮಿಂಗ್ ಸೌಲಭ್ಯವಿರುವ ಫೋನು. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಬೇಕು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಇನ್ನೊಂದು ದೇಶದ ವೀಸಾಕ್ಕಾಗಿ ಅರ್ಜಿ ಕೇಂದ್ರಕ್ಕೆ ಕೊಟ್ಟ ಪಾಸ್‌ಪೋರ್ಟ್ ಚೆನ್ನೈಗೋ ದೆಹಲಿಗೋ ಹೋಗಿ ಕುಳಿತಿದ್ದಾಗ ನಿರ್ಬಂಧ ಬಂದರೆ ವಾರಗಟ್ಟಲೆ ಕೈಕಟ್ಟಿ ಕೂರಬೇಕಾಗುತ್ತದೆ. ಪರಿಸ್ಥಿತಿ ಬಿಗಡಾಯಿಸುವ ಲಕ್ಷಣ ಕಂಡಾಗ, ತುರ್ತಿಲ್ಲದ ವೀಸಾ ಅರ್ಜಿಯನ್ನು ಮುಂದೂಡುವುದೇ ಕ್ಷೇಮ.

## ಹಂತ 1: ಮೂಲ ಆದೇಶವನ್ನು ಹುಡುಕಿ ತೆಗೆಯುವುದು

ಟಿವಿ ಸುದ್ದಿ, ವಾಟ್ಸ್ಆ್ಯಪ್ ಸಂದೇಶ, ಟ್ರಾವೆಲ್ ಏಜೆಂಟರ ಮಾತು, ಇವುಗಳಿಂದ ನಿರ್ಬಂಧವಿದೆ ಎಂಬುದು ತಿಳಿಯುತ್ತದೆ, ಆದರೆ ಅದು ನಿಮಗೆ ಅನ್ವಯಿಸುತ್ತದೆಯೇ ಎಂಬುದು ತಿಳಿಯುವುದಿಲ್ಲ. ಹೋಗಬೇಕಾದ ದೇಶದ ವಲಸೆ ಇಲಾಖೆಯ ಜಾಲತಾಣ, ಭಾರತದಲ್ಲಿರುವ ಆ ದೇಶದ ರಾಯಭಾರ ಕಚೇರಿಯ ಪ್ರಕಟಣೆ, ನಮ್ಮ ಕಡೆಯಿಂದ ಗೃಹ ಸಚಿವಾಲಯ, ವಿದೇಶಾಂಗ ಸಚಿವಾಲಯ ಮತ್ತು ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎ ಹೊರಡಿಸಿದ ಸುತ್ತೋಲೆ, ಇವು ಮೂಲಗಳು. ಆದೇಶದ ದಿನಾಂಕ ಮತ್ತು ಸಂಖ್ಯೆಯನ್ನು ಗುರುತು ಮಾಡಿಕೊಂಡು, ಅದರ ನಂತರ ತಿದ್ದುಪಡಿಯೋ ಸ್ಪಷ್ಟೀಕರಣವೋ ಬಂದಿದೆಯೇ ಎಂದು ಅದೇ ಜಾಲತಾಣದಲ್ಲಿ ನೋಡಬೇಕು.

ಸ್ಪಷ್ಟೀಕರಣಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಐಟಿ ಕುಟುಂಬಗಳು ಕಣ್ಣಾರೆ ಕಂಡವು. ನುರಿತ ವಿದೇಶಿ ಉದ್ಯೋಗಿಗಳಿಗೆ ಕೊಡುವ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಅಮೆರಿಕದ ಘೋಷಣೆಗೆ 19ರಂದು ಸಹಿ ಬಿತ್ತು. ಅದು 21ರಂದು ಅಲ್ಲಿನ ಪೂರ್ವ ಕರಾವಳಿಯ ಸಮಯ ನಡುರಾತ್ರಿ 12:01ಕ್ಕೆ, ಅಂದರೆ ನಮ್ಮ ಬೆಳಿಗ್ಗೆ 9:31ಕ್ಕೆ ಜಾರಿಗೆ ಬರುವುದಿತ್ತು. ರಜೆಗೆ ಊರಿಗೆ ಬಂದಿದ್ದವರು ಸಿಕ್ಕ ಬೆಲೆಗೆ ಟಿಕೆಟ್ ಕೊಂಡು ಓಡತೊಡಗಿದರು. ಇದು ಹೊಸದಾಗಿ ಸಲ್ಲಿಸುವ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ ಎಂಬ ಅಧಿಕೃತ ಸ್ಪಷ್ಟನೆ 20ರಂದು ಬಂತು. ಗಡುವು ತೀರ ಹತ್ತಿರವಿದ್ದು ಆದೇಶವೇ ಅಸ್ಪಷ್ಟವಾಗಿದ್ದಾಗ ಪೂರ್ಣ ಹಣ ವಾಪಸಾಗುವ ಟಿಕೆಟನ್ನು ಹಿಡಿದಿಟ್ಟುಕೊಂಡು ಸ್ಪಷ್ಟನೆಗಾಗಿ ಕಾಯುವುದು ಸರಿಯಾದ ದಾರಿ. ಟಿಕೆಟ್ ಕೊನೆಗೆ ಎಂಬ ನಿಯಮಕ್ಕೆ ನಾನು ಒಪ್ಪುವ ಅಪವಾದ ಇದೊಂದೇ.

## ಹಂತ 2: ಆದೇಶಕ್ಕೆ ಐದು ಪ್ರಶ್ನೆ ಕೇಳುವುದು

ಖಾಲಿ ಹಾಳೆಯ ಮೇಲೆ ಐದು ಪ್ರಶ್ನೆ ಬರೆದುಕೊಳ್ಳಿ: ಯಾರಿಗೆ, ಎಲ್ಲಿಂದ ಬಂದವರಿಗೆ, ಯಾವಾಗಿನಿಂದ, ಯಾರಿಗೆ ವಿನಾಯಿತಿ, ಯಾವ ಪುರಾವೆಗೆ ಮಾನ್ಯತೆ. ಪ್ರತಿ ಪ್ರಶ್ನೆಯ ಎದುರು ಆದೇಶದ ಪ್ಯಾರಾ ಸಂಖ್ಯೆಯನ್ನೂ ಬರೆಯಬೇಕು, ಏಕೆಂದರೆ ಕೌಂಟರಿನಲ್ಲಿ ವಾದ ಮಾಡಬೇಕಾಗಿ ಬಂದರೆ ಉಪಯೋಗಕ್ಕೆ ಬರುವುದು ಆ ಸಂಖ್ಯೆಯೇ.

ಮೊದಲ ಎರಡು ಪ್ರಶ್ನೆಗಳನ್ನು ಒಂದೇ ಎಂದು ಭಾವಿಸುವುದು ಅತಿ ಸಾಮಾನ್ಯವಾದ ತಪ್ಪು. ಕೆಲವು ನಿರ್ಬಂಧಗಳು ಪೌರತ್ವವನ್ನು ನೋಡುತ್ತವೆ, ಕೆಲವು ಕಳೆದ ಕೆಲವು ದಿನ ನೀವು ಎಲ್ಲಿದ್ದಿರಿ ಎಂಬುದನ್ನು ನೋಡುತ್ತವೆ. 2025ರ ಜೂನ್ 9ರಿಂದ ಅಮೆರಿಕ ಹೇರಿದ ನಿರ್ಬಂಧ ನಿರ್ದಿಷ್ಟ ದೇಶಗಳ ಪೌರರ ಮೇಲಿತ್ತು. ಅದೇ ಅಮೆರಿಕ 2021ರ ಮೇ 4ರಿಂದ ಭಾರತಕ್ಕೆ ಸಂಬಂಧಿಸಿ ಹೊರಡಿಸಿದ ಆದೇಶ, ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರ ಮೇಲಿತ್ತು. ಬೆಂಗಳೂರಿನಲ್ಲಿದ್ದ ಜರ್ಮನ್ ಪ್ರಜೆಗೆ ಅದು ತಗಲುತ್ತಿತ್ತು, ತಿಂಗಳಿನಿಂದ ಸಿಂಗಪುರದಲ್ಲಿದ್ದ ಕನ್ನಡಿಗನಿಗೆ ತಗಲುತ್ತಿರಲಿಲ್ಲ. ಸ್ವಂತ ಪ್ರಜೆಗಳನ್ನು ಯಾವ ದೇಶವೂ ತಡೆಯುವುದಿಲ್ಲ ಎಂದೂ ನಂಬಬಾರದು. 2021ರ ಮೇ 3ರಿಂದ 15ರವರೆಗೆ ಆಸ್ಟ್ರೇಲಿಯಾ, ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದ ತನ್ನ ಪ್ರಜೆಗಳಿಗೂ ಪ್ರವೇಶ ನಿರಾಕರಿಸಿ, ಉಲ್ಲಂಘನೆಗೆ ಜೈವಿಕ ಸುರಕ್ಷತಾ ಕಾನೂನಿನಡಿ ಶಿಕ್ಷೆಯನ್ನೂ ಸೂಚಿಸಿತ್ತು.

## ಹಂತ 3: ಗಡಿಯಾರವನ್ನು ಸರಿಯಾಗಿ ಓದುವುದು

ಅತ್ಯಂತ ಹೆಚ್ಚು ಪ್ರಯಾಣಗಳು ಕೆಡುವ ಹಂತ ಇದಾದ್ದರಿಂದ ಇಲ್ಲಿ ನಿಧಾನವಾಗಿ ಓದಬೇಕು. ಆದೇಶಗಳಲ್ಲಿ ಸಮಯವನ್ನು ಸಾಮಾನ್ಯವಾಗಿ ಜಿಎಂಟಿಯಲ್ಲೋ (ಗ್ರೀನಿಚ್ ಸಮಯ) ಆಯಾ ದೇಶದ ಸ್ಥಳೀಯ ಸಮಯದಲ್ಲೋ ಕೊಟ್ಟಿರುತ್ತಾರೆ. ಜಿಎಂಟಿಗೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ ಬರುತ್ತದೆ. ಅಮೆರಿಕ, ಯುರೋಪುಗಳಲ್ಲಿ ಬೇಸಿಗೆ ಮತ್ತು ಚಳಿಗಾಲದ ನಡುವೆ ಗಡಿಯಾರ ಒಂದು ಗಂಟೆ ಸರಿಯುವುದರಿಂದ, ಕಳೆದ ಬಾರಿ ಮಾಡಿದ ಲೆಕ್ಕವನ್ನೇ ಮತ್ತೆ ಬಳಸಬಾರದು.

ಸಮಯ ಗೊತ್ತಾದ ಮೇಲೆ, ಅದು ಯಾವ ಕ್ಷಣಕ್ಕೆ ಅನ್ವಯಿಸುತ್ತದೆ ಎಂಬುದನ್ನು ನೋಡಬೇಕು: ವಿಮಾನ ಹೊರಡುವ ಕ್ಷಣಕ್ಕೋ, ಇಳಿಯುವ ಕ್ಷಣಕ್ಕೋ, ವಲಸೆ ಅಧಿಕಾರಿಯ ಮುಂದೆ ನಿಲ್ಲುವ ಕ್ಷಣಕ್ಕೋ? 2020ರ ಮಾರ್ಚ್‌ನಲ್ಲಿ ಭಾರತ ಬಹುತೇಕ ವೀಸಾಗಳನ್ನು ಅಮಾನತಿನಲ್ಲಿಟ್ಟಾಗ, ಅದು 13ರಂದು ಜಿಎಂಟಿ 12 ಗಂಟೆಯಿಂದ, ಪ್ರಯಾಣಿಕರು ಹೊರಡುವ ನಿಲ್ದಾಣದಲ್ಲಿ ಜಾರಿಗೆ ಬರುತ್ತದೆ ಎಂದು ಬರೆದಿತ್ತು. ಅಂದರೆ ನಮ್ಮ ಸಂಜೆ 5:30ರ ನಂತರ ವಿದೇಶದ ಕೌಂಟರಿನಲ್ಲೇ ತಡೆ.

ಅದೇ ತಿಂಗಳು ಡಿಜಿಸಿಎ ಹೊರಡಿಸಿದ ಸುತ್ತೋಲೆಯಲ್ಲಿ ಎರಡು ಗಡಿಯಾರಗಳಿದ್ದವು. ಮಾರ್ಚ್ 22ರಂದು ಜಿಎಂಟಿ 00:01ರ ನಂತರ, ಅಂದರೆ ನಮ್ಮ ಬೆಳಗಿನ 5:31ರ ನಂತರ, ಯಾವುದೇ ನಿಗದಿತ ಪ್ರಯಾಣಿಕ ವಿಮಾನ ವಿದೇಶದಿಂದ ಭಾರತದತ್ತ ಮೇಲೇರುವಂತಿರಲಿಲ್ಲ. ಅದಕ್ಕೆ ಮೊದಲು ಹೊರಟ ವಿಮಾನಕ್ಕೆ 20 ಗಂಟೆಗಳ ಪ್ರಯಾಣದ ಅವಕಾಶವಿದ್ದು, 23ರ ನಸುಕಿನ 1:31ರ ನಂತರ ಪ್ರಯಾಣಿಕರನ್ನು ಇಳಿಸುವಂತಿರಲಿಲ್ಲ. ಅಮೆರಿಕದಿಂದ ಹೊರಟು ಯುರೋಪಿನಲ್ಲಿ ವಿಮಾನ ಬದಲಿಸುವವರ ವಿಷಯದಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಮನೆಯಿಂದ ಹೊರಟ ಸಮಯವಲ್ಲ, ಭಾರತದತ್ತ ಮುಖ ಮಾಡಿದ ಎರಡನೆಯ ವಿಮಾನದ ಸಮಯ. ಆದ್ದರಿಂದ ಸಂಪರ್ಕ ವಿಮಾನವಿರುವವರು ಕೊನೆಯ ಹಾರಾಟದ ನಿರ್ಗಮನ ಮತ್ತು ಆಗಮನದ ಸಮಯಗಳೆರಡನ್ನೂ ಆ ಹಾಳೆಯಲ್ಲಿ ಜಿಎಂಟಿಯಲ್ಲೇ ಬರೆದುಕೊಂಡು ಹೋಲಿಸಬೇಕು.

ಬೆಂಗಳೂರಿನವರು ಇನ್ನೊಂದು ಎಚ್ಚರ ವಹಿಸಬೇಕು. ಇಲ್ಲಿಂದ ಹೊರಡುವ ದೂರದ ವಿಮಾನಗಳಲ್ಲಿ ಅನೇಕವು ನಡುರಾತ್ರಿ ಕಳೆದು ಬೆಳಗಾಗುವುದರೊಳಗೆ ಹಾರುತ್ತವೆ. ನಾವು ಶನಿವಾರ ರಾತ್ರಿಯ ವಿಮಾನ ಎನ್ನುವುದು ಟಿಕೆಟಿನಲ್ಲಿ ಭಾನುವಾರ 02:30 ಎಂದಿರುತ್ತದೆ. ನಿರ್ಬಂಧ ಭಾನುವಾರ 00:01ಕ್ಕೆ ಆರಂಭವಾಗುವುದಿದ್ದರೆ, ಶನಿವಾರ ಮನೆಯಿಂದ ಹೊರಟೆವು ಎಂಬ ಸಮಾಧಾನಕ್ಕೆ ಅಲ್ಲಿ ಯಾವ ಬೆಲೆಯೂ ಇಲ್ಲ.

ಮುಗಿಯುವ ದಿನಾಂಕವನ್ನು ನಂಬುವ ವಿಷಯದಲ್ಲಂತೂ ಬಹಳ ಜಾಗರೂಕರಾಗಿರಬೇಕು. ಭಾರತದ ನಿಗದಿತ ಅಂತರರಾಷ್ಟ್ರೀಯ ವಿಮಾನಗಳು 2021ರ ಡಿಸೆಂಬರ್ 15ರಿಂದ ಪುನರಾರಂಭವಾಗುತ್ತವೆ ಎಂದು ನವೆಂಬರ್ 26ರಂದು ಪ್ರಕಟವಾಯಿತು. ಒಮೈಕ್ರಾನ್ ಕಾಣಿಸಿಕೊಂಡ ಕಾರಣ ಡಿಸೆಂಬರ್ 1ರಂದು ಆ ನಿರ್ಧಾರವನ್ನು ಮುಂದೂಡಲಾಯಿತು. ವಿಮಾನಗಳು ನಿಜವಾಗಿ ಆರಂಭವಾದದ್ದು 2022ರ ಮಾರ್ಚ್ 27ರಂದು. ನಿರ್ಬಂಧ ಮುಗಿಯುವ ದಿನಕ್ಕೇ ಟಿಕೆಟ್ ಕೊಳ್ಳುವುದು ಸಲ್ಲದು. ತೆರವಿನ ಆದೇಶ ಹೊರಬಿದ್ದು, ವಿಮಾನಗಳು ಒಂದೆರಡು ದಿನ ಹಾರಾಡಿದ ನಂತರದ ದಿನಾಂಕವನ್ನು ಆರಿಸಿಕೊಳ್ಳಬೇಕು.

## ಹಂತ 4: ಮೂರು ಬಾಗಿಲುಗಳನ್ನು ಬೇರೆ ಬೇರೆಯಾಗಿ ಪರಿಶೀಲಿಸುವುದು

ಹೊರಡುವ ದೇಶ ಬಿಡುತ್ತದೆಯೇ, ನಡುವಿನ ದೇಶ ಹಾದುಹೋಗಲು ಬಿಡುತ್ತದೆಯೇ, ತಲುಪುವ ದೇಶ ಒಳಗೆ ಬಿಡುತ್ತದೆಯೇ ಎಂಬುವು ಮೂರು ಪ್ರತ್ಯೇಕ ಪ್ರಶ್ನೆಗಳು. ಹೆಚ್ಚಿನವರು ಮೂರನೆಯದನ್ನು ಮಾತ್ರ ನೋಡುತ್ತಾರೆ.

ನಿರ್ಗಮನದ ವಿಷಯದಲ್ಲಿ, ಇಸಿಆರ್ (ವಲಸೆ ತಪಾಸಣೆ ಅಗತ್ಯವೆಂಬ ವರ್ಗದ) ಪಾಸ್‌ಪೋರ್ಟ್ ಇದ್ದು ಕೊಲ್ಲಿ ರಾಷ್ಟ್ರಗಳೂ ಮಲೇಷ್ಯಾವೂ ಸೇರಿದಂತೆ ಪಟ್ಟಿಯಲ್ಲಿರುವ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವವರು, ನಿರ್ಬಂಧವಿರಲಿ ಇಲ್ಲದಿರಲಿ, ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ ಮೂಲಕ ವಲಸೆ ಅನುಮತಿ ಪಡೆದಿರಬೇಕು. ನೇರ ವಿಮಾನವಿಲ್ಲದ ಕಾಲದಲ್ಲಿ ಭೇಟಿ ವೀಸಾದ ಮೇಲೆ ಹೋಗಿ ಅಲ್ಲಿ ಕೆಲಸಕ್ಕೆ ಸೇರಿಕೊಳ್ಳಿ ಎಂದು ಸೂಚಿಸುವ ಏಜೆಂಟರಿದ್ದಾರೆ. ಆ ಸಲಹೆಗೆ ಕಿವಿಗೊಟ್ಟವರು ಬೆಂಗಳೂರಿನ ಇಮಿಗ್ರೇಷನ್ ಮುಂದೆಯೋ ಅಲ್ಲಿನ ಮಾಲೀಕನ ಮುಂದೆಯೋ ಸಿಕ್ಕಿಬೀಳುತ್ತಾರೆ.

ನಡುವಿನ ದೇಶದ ವಿಷಯದಲ್ಲಿ ಎರಡು ಸಂಗತಿಗಳು ಗೊತ್ತಿರಬೇಕು. ಬೇರೆ ಬೇರೆ ಟಿಕೆಟಿನಲ್ಲಿ ಎರಡು ವಿಮಾನ ಹಿಡಿದರೆ ಸಾಮಾನು ಪಡೆಯಲು ಹೊರಬರಬೇಕಾಗಿ, ಆ ದೇಶವನ್ನು ಪ್ರವೇಶಿಸಿದಂತಾಗುತ್ತದೆ. ಆಗ ಅಲ್ಲಿನ ವೀಸಾ ನಿಯಮ, ನಿರ್ಬಂಧಗಳು ಪೂರ್ತಿಯಾಗಿ ಅನ್ವಯಿಸುತ್ತವೆ. ಅಮೆರಿಕದಲ್ಲಂತೂ ಒಂದೇ ಟಿಕೆಟ್ ಇದ್ದರೂ ಹಾದುಹೋಗುವ ಪ್ರಯಾಣಿಕರೂ ಇಮಿಗ್ರೇಷನ್ ದಾಟಲೇಬೇಕು.

ಮೂರನೆಯ ದೇಶದಲ್ಲಿ ದಿನ ಕಳೆದು ಮುಂದೆ ಹೋಗುವ ಉಪಾಯ 2021ರಲ್ಲಿ ಬಹಳ ಬಳಕೆಯಲ್ಲಿತ್ತು. ಹಿಂದಿನ ಇಷ್ಟು ದಿನ ಎಂಬ ಷರತ್ತು ಆದೇಶದಲ್ಲಿದ್ದಾಗ ಇದು ಕಾನೂನುಬದ್ಧವೇ. ಆದರೆ ಆ ದೇಶದ ಬಾಗಿಲೂ ಯಾವಾಗ ಬೇಕಾದರೂ ಮುಚ್ಚಬಹುದು: ನೇಪಾಳವನ್ನು ದಾರಿಯಾಗಿ ಬಳಸಿ ಬೇರೆ ದೇಶಗಳಿಗೆ ಹೊರಟಿದ್ದ ಭಾರತೀಯರು, 2021ರ ಏಪ್ರಿಲ್ ಕೊನೆಯಲ್ಲಿ ನೇಪಾಳ ಆ ಅವಕಾಶವನ್ನು ನಿಲ್ಲಿಸಿದಾಗ ಕಠ್ಮಂಡುವಿನಲ್ಲಿ ಕಂಗಾಲಾದರು. ಈ ದಾರಿ ಹಿಡಿಯುವವರು ಅಲ್ಲಿ ಎರಡು ಪಟ್ಟು ದಿನ ಉಳಿಯಲು ಬೇಕಾದ ಹಣ, ಅಷ್ಟು ದಿನಕ್ಕೆ ಸಾಲುವ ವೀಸಾ, ನಿತ್ಯ ಸೇವಿಸುವ ಔಷಧ, ಮರಳಿ ಬೆಂಗಳೂರಿಗೆ ಬರುವ ದಾರಿ, ಇಷ್ಟನ್ನು ಮೊದಲೇ ಹೊಂದಿಸಿಕೊಳ್ಳಬೇಕು. ದಿನ ಎಣಿಸುವಾಗ ತಲುಪಿದ ದಿನವನ್ನೂ ಹೊರಡುವ ದಿನವನ್ನೂ ಬಿಟ್ಟು ಎಣಿಸಿದರೆ ಯಾವ ಅಧಿಕಾರಿಯ ಲೆಕ್ಕಕ್ಕೂ ಕಡಿಮೆಯಾಗುವುದಿಲ್ಲ. ವೃದ್ಧ ತಂದೆ ತಾಯಿಯನ್ನು ಈ ದಾರಿಯಲ್ಲಿ ಒಬ್ಬಂಟಿಯಾಗಿ ಕಳುಹಿಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ, ಎಷ್ಟೇ ಅವಸರವಿದ್ದರೂ.

## ಹಂತ 5: ಹೆಸರು ಮತ್ತು ದಾಖಲೆಗಳನ್ನು ತಾಳೆ ನೋಡುವುದು

ಕರ್ನಾಟಕದವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಹೆಸರು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಳ್ಳುವ ರೂಢಿಯಿದೆ, ಮನೆತನದ ಹೆಸರು ಬಳಸದವರೂ ಬಹಳ. ಪಾಸ್‌ಪೋರ್ಟಿನಲ್ಲಿ ‘ಮಂಜುನಾಥ ರಾಮಕೃಷ್ಣಯ್ಯ’ ಎಂದಿದ್ದು, ಲಸಿಕೆ ಪ್ರಮಾಣಪತ್ರದಲ್ಲಿ ‘ಮಂಜುನಾಥ ಆರ್.’ ಎಂದಿದ್ದರೆ, ಇವರಿಬ್ಬರೂ ಒಬ್ಬರೇ ಎಂದು ನಮಗೆ ಅನ್ನಿಸಿದಷ್ಟು ಸುಲಭವಾಗಿ ಹೊರದೇಶದ ಅಧಿಕಾರಿಗೆ ಅನ್ನಿಸುವುದಿಲ್ಲ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದ ಭೇಟಿ ವೀಸಾದವರಿಗೆ ಪ್ರವೇಶ ನಿರಾಕರಿಸಿ, ಕೆಲವೇ ದಿನಗಳಲ್ಲಿ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಸಡಿಲಿಸಿತು.

ತಾಳೆ ನೋಡುವ ವಿಧಾನ ಹೀಗಿದೆ. ಪಾಸ್‌ಪೋರ್ಟಿನ ಫೋಟೋ ಇರುವ ಪುಟದ ಕೆಳತುದಿಯಲ್ಲಿ, ಬಾಣದ ತುದಿಯಂಥ ಗುರುತುಗಳ ನಡುವೆ ಅಕ್ಷರ ಮತ್ತು ಅಂಕಿಗಳಿರುವ ಎರಡು ಸಾಲುಗಳಿರುತ್ತವೆ. ಯಂತ್ರ ಓದುವುದು ಅದನ್ನೇ. ಮೊದಲ ಸಾಲಿನಲ್ಲಿ ಮನೆತನದ ಹೆಸರು, ಎರಡು ಬಾಣದ ಗುರುತು, ಆಮೇಲೆ ನಿಮ್ಮ ಹೆಸರು ಇರುತ್ತದೆ. ಟಿಕೆಟ್, ವೀಸಾ, ಆರೋಗ್ಯ ಪ್ರಮಾಣಪತ್ರ, ಆಗಮನದ ಫಾರಂ, ಎಲ್ಲವನ್ನೂ ಈ ಸಾಲಿನ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಜನ್ಮದಿನಾಂಕವನ್ನೂ ಹೀಗೆಯೇ ನೋಡಬೇಕು. 2021ರಲ್ಲಿ ಬ್ರಿಟನ್ ಪೂರ್ಣ ಜನ್ಮದಿನಾಂಕ ಕೇಳಿದಾಗ, ಅಲ್ಲಿಯವರೆಗೆ ವಯಸ್ಸನ್ನು ಮಾತ್ರ ತೋರಿಸುತ್ತಿದ್ದ ಕೋವಿನ್ ಪ್ರಮಾಣಪತ್ರದಲ್ಲಿ ಅದನ್ನು ಸೇರಿಸುವ ಸೌಲಭ್ಯ ತರಬೇಕಾಯಿತು.

ಪಾಸ್‌ಪೋರ್ಟಿನಲ್ಲೇ ಹೆಸರು ತಿದ್ದಬೇಕಿದ್ದರೆ ಲಾಲ್‌ಬಾಗ್ ರಸ್ತೆ ಅಥವಾ ಮಾರತ್‌ಹಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕಬೇಕಾಗುತ್ತದೆ. ಪೊಲೀಸ್ ಪರಿಶೀಲನೆಯೂ ಬೇಕಾಗಬಹುದಾದ್ದರಿಂದ ಪ್ರಯಾಣ ನಿಗದಿಯಾದ ಮೇಲೆ ಇದಕ್ಕೆ ಕೈಹಾಕುವುದು ಅಪಾಯ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ, ಎರಡು ಖಾಲಿ ಪುಟ ಉಳಿದಿರಲಿ. ಒಸಿಐ ಕಾರ್ಡ್ (ವಿದೇಶಿ ಪೌರತ್ವವಿರುವ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವವರು ಹೊಸ ಪಾಸ್‌ಪೋರ್ಟ್ ಪಡೆದಿದ್ದರೆ ಅದರ ಪ್ರತಿಯನ್ನು ಒಸಿಐ ಪೋರ್ಟಲಿಗೆ ಸೇರಿಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು.

ಆರೋಗ್ಯ ದಾಖಲೆಗಳ ಪೈಕಿ ಹಳದಿ ಜ್ವರದ ಲಸಿಕೆಯನ್ನು ಮರೆಯುವವರು ಹೆಚ್ಚು. ಆಫ್ರಿಕಾ, ದಕ್ಷಿಣ ಅಮೆರಿಕದ ಬಾಧಿತ ದೇಶಗಳಿಂದ ಮರಳುವವರ ಬಳಿ ಈ ಪ್ರಮಾಣಪತ್ರವಿಲ್ಲದಿದ್ದರೆ ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇಡಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುವುದರಿಂದ ಹೊರಡುವ ಹಿಂದಿನ ದಿನದ ಓಡಾಟದಿಂದ ಪ್ರಯೋಜನವಿಲ್ಲ.

## ಹಂತ 6: ವಿನಾಯಿತಿ ಇದ್ದರೆ ಅದನ್ನು ಕಾಗದದಲ್ಲಿ ಸಾಬೀತುಪಡಿಸುವುದು

ನಿರ್ಬಂಧದ ಆದೇಶದಲ್ಲಿ ನಿಮಗೆ ನಿಜವಾಗಿ ಸಹಾಯ ಮಾಡುವುದು ವಿನಾಯಿತಿಯ ಪ್ಯಾರಾ. 2021ರ ಅಮೆರಿಕದ ಆದೇಶವನ್ನೇ ನೋಡಿ. ಎಚ್-1ಬಿ ವೀಸಾ ಇದ್ದ ಮಾತ್ರಕ್ಕೆ ಪ್ರವೇಶ ಸಿಗುತ್ತಿರಲಿಲ್ಲ, ಆದರೆ 21 ವರ್ಷದೊಳಗಿನ ಅವಿವಾಹಿತ ಅಮೆರಿಕನ್ ಪ್ರಜೆಯ ತಂದೆ ತಾಯಿಗೆ ವಿನಾಯಿತಿ ಇತ್ತು. ಅಲ್ಲಿ ಹುಟ್ಟಿದ ಮಗುವಿನೊಂದಿಗೆ ಊರಿಗೆ ಬಂದು ಸಿಲುಕಿದ್ದವರಿಗೆ, ಮಗುವಿನ ಪಾಸ್‌ಪೋರ್ಟ್ ಮತ್ತು ತಂದೆ ತಾಯಿಯ ಹೆಸರಿರುವ ಜನನ ಪ್ರಮಾಣಪತ್ರವೇ ದಾರಿಯಾಯಿತು. ವಿದ್ಯಾರ್ಥಿಗಳಿಗೂ ಹೀಗೆಯೇ: ಆಗಸ್ಟ್ 1 ಅಥವಾ ನಂತರ ತರಗತಿ ಆರಂಭವಾಗುವವರಿಗೆ, ಅದೂ ಆರಂಭಕ್ಕೆ 30 ದಿನಗಳಿಗಿಂತ ಮೊದಲು ಹೋಗದಿದ್ದರೆ, ಅವಕಾಶವಿತ್ತು. ವೀಸಾ ಒಂದೇ, ದಿನಾಂಕ ಬೇರೆಯಾದರೆ ಫಲಿತಾಂಶವೂ ಬೇರೆ.

ಸಂಬಂಧವನ್ನು ತೋರಿಸಲು ಮದುವೆಯ ಕರೆಯೋಲೆ, ಫೋಟೋಗಳು ಸಾಲುವುದಿಲ್ಲ. ಉಪನೋಂದಣಾಧಿಕಾರಿ ಕೊಟ್ಟ ವಿವಾಹ ನೋಂದಣಿ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ದೃಢೀಕೃತ ಇಂಗ್ಲಿಷ್ ಅನುವಾದವನ್ನು, ಆ ದೇಶ ಕೇಳಿದರೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆಯನ್ನು (ದಾಖಲೆ ಅಸಲಿ ಎಂಬ ದೃಢೀಕರಣ) ಮೊದಲೇ ಮಾಡಿಸಿಕೊಳ್ಳಬೇಕು; ಇವೆರಡಕ್ಕೂ ದಿನಗಳು ಹಿಡಿಯುತ್ತವೆ. ಮಗು ಒಬ್ಬ ಪೋಷಕರೊಂದಿಗೆ ಮಾತ್ರ ಹೊರಟಿದ್ದರೆ ಇನ್ನೊಬ್ಬರ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಜೊತೆಗಿರಲಿ.

## ಹಂತ 7: ಈಗ ಟಿಕೆಟ್

ಒಂದೇ ಪಿಎನ್ಆರ್‌ನಲ್ಲಿ, ಸಾಧ್ಯವಾದಷ್ಟು ಕಡಿಮೆ ದೇಶಗಳನ್ನು ಹಾದುಹೋಗುವ, ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ ಕೊಳ್ಳಬೇಕು. ಅಗ್ಗವೆಂದು ಎರಡು ಬೇರೆ ಟಿಕೆಟ್ ಕೊಂಡವರು, ಮೊದಲ ವಿಮಾನ ರದ್ದಾದಾಗ ಎರಡನೆಯದರ ಹಣವನ್ನೂ ಕಳೆದುಕೊಳ್ಳುತ್ತಾರೆ.

ವಿಮಾನ ರದ್ದಾಗುವ ಸೂಚನೆ ಕಂಡಾಕ್ಷಣ ಗಾಬರಿಯಿಂದ ನೀವೇ ಟಿಕೆಟ್ ರದ್ದು ಮಾಡಬೇಡಿ. ಡಿಜಿಸಿಎ ನಿಯಮದಂತೆ, ಸಂಸ್ಥೆಯೇ ವಿಮಾನ ರದ್ದು ಮಾಡಿದರೆ ಬದಲಿ ವಿಮಾನ ಅಥವಾ ಹಣ ವಾಪಸಾತಿಯ ಆಯ್ಕೆ ನಿಮಗಿರುತ್ತದೆ. ನೀವೇ ರದ್ದು ಮಾಡಿದರೆ ಟಿಕೆಟಿನ ಷರತ್ತಿನಂತೆ ಕಡಿತವಾಗುತ್ತದೆ. ಏಜೆಂಟರ ಮೂಲಕ ಕೊಂಡಿದ್ದರೂ ಹಣ ಮರಳಿಸುವ ಹೊಣೆ ವಿಮಾನಯಾನ ಸಂಸ್ಥೆಯದೇ.

ಪ್ರಯಾಣ ವಿಮೆಯನ್ನು ಟಿಕೆಟ್ ಕೊಂಡ ದಿನವೇ ಮಾಡಿಸಬೇಕು. ನಿರ್ಬಂಧ ಘೋಷಣೆಯಾದ ನಂತರ ಕೊಂಡ ಪಾಲಿಸಿಗೆ, ಅದು ಮೊದಲೇ ತಿಳಿದಿದ್ದ ಘಟನೆ ಎಂಬ ಕಾರಣ ಹೇಳಿ ಸಾಮಾನ್ಯವಾಗಿ ಪರಿಹಾರ ನಿರಾಕರಿಸುತ್ತಾರೆ. ಯುದ್ಧ, ಸಾಂಕ್ರಾಮಿಕ, ಸರ್ಕಾರಿ ಆದೇಶಗಳನ್ನು ಹೊರಗಿಡುವ ಷರತ್ತುಗಳನ್ನು ಹಣ ಕಟ್ಟುವ ಮೊದಲು ಓದಿ.

## ಹಂತ 8: ಕೊನೆಯ 72 ಗಂಟೆ

ಪರೀಕ್ಷಾ ವರದಿ ಬೇಕಿದ್ದರೆ, ಗಂಟೆಗಳ ಲೆಕ್ಕ ಮಾದರಿ ತೆಗೆದ ಸಮಯದಿಂದಲೋ ವರದಿ ಬಂದ ಸಮಯದಿಂದಲೋ, ಬೆಂಗಳೂರಿನ ನಿರ್ಗಮನದವರೆಗೋ ಕೊನೆಯ ಹಾರಾಟದವರೆಗೋ ಎಂದು ಆದೇಶದಲ್ಲಿ ನೋಡಿ. ಕೆನಡಾ 72 ಗಂಟೆಗಳನ್ನು ತನ್ನ ನೆಲಕ್ಕೆ ಬರುವ ಕೊನೆಯ ವಿಮಾನದ ನಿಗದಿತ ನಿರ್ಗಮನಕ್ಕೆ ಲೆಕ್ಕ ಹಾಕುತ್ತಿತ್ತು. ದಾರಿಯಲ್ಲಿ ಹನ್ನೆರಡು ಗಂಟೆ ಕಾಯುವವರ ವರದಿ ಬೆಂಗಳೂರಿನಲ್ಲಿ ಊರ್ಜಿತವಾಗಿದ್ದು ಅಲ್ಲಿ ಹಳತಾಗುತ್ತಿತ್ತು. ವರದಿಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ಮಾದರಿ ತೆಗೆದ ಗಂಟೆ ನಿಮಿಷ, ಮೂಲ ವರದಿಯನ್ನೇ ತೆರೆಯುವ ಕ್ಯೂಆರ್ ಕೋಡ್ ಇರಬೇಕು. ಕೋಡನ್ನು ಬೇರೆಯವರ ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಅನೇಕ ದೇಶಗಳ ಡಿಜಿಟಲ್ ಆಗಮನ ಫಾರಂ ಉಚಿತ. ಥಾಯ್ಲೆಂಡ್ 2025ರ ಮೇ 1ರಿಂದ ಜಾರಿಗೆ ತಂದದ್ದೂ, ಸಿಂಗಪುರ, ಮಲೇಷ್ಯಾದವೂ ಹೀಗೆಯೇ, ತಲುಪುವ ಹಿಂದಿನ ಮೂರು ದಿನಗಳೊಳಗೆ ತುಂಬಬೇಕಾದವು. ಹಣ ಕೇಳುವ ಪುಟ ತೆರೆದುಕೊಂಡರೆ ಅದು ನಕಲಿ ತಾಣ. ಫಾರಂನಲ್ಲಿ ಹಿಂದಿನ ಪ್ರಯಾಣಗಳ ವಿವರವನ್ನು ಮರೆಮಾಚಬೇಡಿ. ಪಾಸ್‌ಪೋರ್ಟಿನ ಮುದ್ರೆಗಳು ಅದನ್ನು ಹೇಳುತ್ತವೆ, ಮತ್ತು ಸುಳ್ಳು ಘೋಷಣೆಗೆ ವೀಸಾ ರದ್ದತಿಯಿಂದ ವರ್ಷಗಟ್ಟಲೆ ಪ್ರವೇಶ ನಿಷೇಧದವರೆಗೆ ಶಿಕ್ಷೆಯಿದೆ.

## ಹಂತ 9: ಚೆಕ್-ಇನ್ ಕೌಂಟರಿನಲ್ಲಿ

2023ರ ಸೆಪ್ಟೆಂಬರ್‌ನಿಂದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತವೆ. ನಿರ್ಬಂಧದ ದಿನಗಳಲ್ಲಿ ನಾಲ್ಕು ಗಂಟೆ ಮೊದಲೇ ಅಲ್ಲಿರಬೇಕು, ಏಕೆಂದರೆ ಕೌಂಟರ್ ಮುಚ್ಚುವ ಹೊತ್ತಿಗೆ ಎದ್ದ ತಕರಾರನ್ನು ಯಾರೂ ಬಿಡಿಸಲಾರರು.

ಸಿಬ್ಬಂದಿ ಅಷ್ಟೊಂದು ಬಿಗಿಯಾಗಿರುವುದಕ್ಕೆ ಕಾರಣವಿದೆ. ಸರಿಯಾದ ದಾಖಲೆಯಿಲ್ಲದ ಪ್ರಯಾಣಿಕರನ್ನು ಕರೆತಂದರೆ ಸಂಸ್ಥೆಗೆ ದಂಡ ಬೀಳುತ್ತದೆ, ವಾಪಸ್ ಕರೆದೊಯ್ಯುವ ಖರ್ಚೂ ಅದರ ಮೇಲೆಯೇ ಬರುತ್ತದೆ. ಅವರು ನೋಡುವುದು ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾದ ಟೈಮ್ಯಾಟಿಕ್ ಎಂಬ, ದೇಶವಾರು ಪ್ರವೇಶ ನಿಯಮಗಳ ದತ್ತಸಂಚಯವನ್ನು. ಆಕ್ಷೇಪ ಬಂದರೆ ದನಿ ಏರಿಸದೆ, ಟೈಮ್ಯಾಟಿಕ್‌ನ ಯಾವ ಸಾಲು ಅಡ್ಡಿಯಾಗಿದೆ ಎಂದು ಕೇಳಿ, ಎರಡನೆಯ ಹಂತದ ಹಾಳೆಯಿಂದ ವಿನಾಯಿತಿಯ ಪ್ಯಾರಾವನ್ನೂ ಅದಕ್ಕೆ ತಕ್ಕ ದಾಖಲೆಯನ್ನೂ ಒಟ್ಟಿಗೆ ಮುಂದಿಡಿ. ಒಪ್ಪದಿದ್ದರೆ ಕರ್ತವ್ಯದಲ್ಲಿರುವ ಮ್ಯಾನೇಜರನ್ನು ಕರೆಸಲು ಕೋರಿ; ತಲುಪುವ ನಿಲ್ದಾಣದ ಅಧಿಕಾರಿಗಳಿಗೆ ಸಂದೇಶ ಕಳುಹಿಸಿ ಕೇಳುವ ವ್ಯವಸ್ಥೆ ಅನೇಕ ಸಂಸ್ಥೆಗಳಲ್ಲಿದೆ. ಆಗಲೂ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು, ವಿಮಾನ ಹೊರಡುವ ಮೊದಲೇ ದಿನಾಂಕ ಬದಲಾಯಿಸಿಕೊಳ್ಳಿ. ಹೊರಟ ನಂತರ ನೀವು ಗೈರುಹಾಜರಾದವರೆಂದು ದಾಖಲಾಗಿ, ಮುಂದಿನ ಹಾರಾಟ ಮತ್ತು ಮರಳುವ ಟಿಕೆಟ್ ಕೂಡ ರದ್ದಾಗುತ್ತವೆ.

## ಹಂತ 10: ದಾರಿಯಲ್ಲಿರುವಾಗ ನಿಯಮ ಬದಲಾದರೆ

2025ರ ಜೂನ್ 23ರಂದು ಕತಾರ್ ತನ್ನ ವಾಯುಪ್ರದೇಶವನ್ನು ಕೆಲವು ಗಂಟೆ ಮುಚ್ಚಿದಾಗ ದೋಹಾಕ್ಕೆ ಹೊರಟ ವಿಮಾನಗಳು ಬೇರೆಡೆಗೆ ತಿರುಗಬೇಕಾಯಿತು. ಇಂಥ ಹೊತ್ತಿನಲ್ಲಿ ನಿಲ್ದಾಣದ ಒಳಭಾಗದಿಂದ ಅವಸರದಲ್ಲಿ ಹೊರಬರಬಾರದು. ಹೊರಬಂದರೆ ವೀಸಾ ಪ್ರಶ್ನೆ ಏಳುತ್ತದೆ. ಸಂಸ್ಥೆಯ ಡೆಸ್ಕಿನ ಸಾಲಿನಲ್ಲಿ ಒಬ್ಬರು ನಿಂತು, ಇನ್ನೊಬ್ಬರು ಆ್ಯಪ್ ಮತ್ತು ಫೋನಿನಲ್ಲಿ ಪ್ರಯತ್ನಿಸುವುದು ಒಳ್ಳೆಯದು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಸಹಾಯವಾಣಿಯನ್ನು ಹೊರಡುವ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡಿರಿ. ಅದೇ ತಿಂಗಳು ಇರಾನಿನಿಂದ ಭಾರತೀಯರನ್ನು ಅರ್ಮೇನಿಯಾ ಮೂಲಕವೂ, ಇಸ್ರೇಲಿನಿಂದ ಜೋರ್ಡಾನ್ ಮೂಲಕವೂ ಕರೆತಂದಾಗ, ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದವರನ್ನು ತಲುಪುವುದು ಸುಲಭವಾಗಿತ್ತು. ಪಾಸ್‌ಪೋರ್ಟ್ ಕಳೆದರೆ ಅದೇ ಕಚೇರಿ ಮರಳಿ ಬರಲು ತುರ್ತು ಪ್ರಮಾಣಪತ್ರ ಕೊಡುತ್ತದೆ.

## ನೆಲದ ಗಡಿ ದಾಟುವವರಿಗೆ

ಪಶುಪತಿನಾಥ, ಮುಕ್ತಿನಾಥ ಯಾತ್ರೆಗೆಂದು ಇಲ್ಲಿಂದ ತಂಡವಾಗಿ ಹೋಗುವವರು, ನೇಪಾಳಕ್ಕೆ ವೀಸಾ ಬೇಡವೆಂದು ಆಧಾರ್ ಒಂದನ್ನೇ ಹಿಡಿದು ಹೊರಡುವುದುಂಟು. ನೇಪಾಳ, ಭೂತಾನ್‌ಗಳಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್‌ಗೆ ಮಾನ್ಯತೆ ಇರುವುದು 15ಕ್ಕಿಂತ ಕೆಳಗಿನ ಮತ್ತು 65ಕ್ಕಿಂತ ಮೇಲಿನ ವಯಸ್ಸಿನವರಿಗೆ.

ಆಕಾಶಮಾರ್ಗ ತೆರೆದಿದ್ದರೆ ನೆಲದ ಗಡಿಯೂ ತೆರೆದಿದೆ ಎಂದರ್ಥವಲ್ಲ. ಕೆಲವು ಠಾಣೆಗಳು ಸ್ವಂತ ಪ್ರಜೆಗಳ ಮರಳುವಿಕೆಗೆ ಮಾತ್ರ ತೆರೆದಿರುತ್ತವೆ, ಕೆಲವು ಹಗಲಿನಲ್ಲಷ್ಟೇ ಕೆಲಸ ಮಾಡುತ್ತವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಗಡಿಯ ಅಟ್ಟಾರಿ ಠಾಣೆ ಮುಚ್ಚಿದಾಗ, ಸರಿಯಾದ ಅನುಮತಿಯೊಂದಿಗೆ ದಾಟಿದ್ದವರಿಗೆ ಮರಳಲು ಮೇ 1ರವರೆಗೆ ಗಡುವಿತ್ತು. ಅಂಥ ಗಡುವು ಪ್ರಕಟವಾದರೆ ಕೊನೆಯ ದಿನಕ್ಕೆ ಕಾಯದೆ ಮೊದಲ ದಿನವೇ ಹೊರಡಬೇಕು. ಇ-ವೀಸಾ ಪಡೆದವರು, ಅದು ಯಾವ ಪ್ರವೇಶದ್ವಾರಗಳಲ್ಲಿ ನಡೆಯುತ್ತದೆ ಎಂಬ ಪಟ್ಟಿಯನ್ನು ನೋಡಲೇಬೇಕು. ವಿಮಾನ ನಿಲ್ದಾಣದಲ್ಲಿ ಮಾತ್ರ ನಡೆಯುವ ವೀಸಾ ಹಿಡಿದು ಚೆಕ್‌ಪೋಸ್ಟಿಗೆ ಹೋದರೆ ಹಿಂದಿರುಗಬೇಕಾಗುತ್ತದೆ.

## ಬೆಂಗಳೂರಿನಲ್ಲೇ ಸಿಲುಕಿಕೊಂಡ ವಿದೇಶಿ ಅತಿಥಿಗಳು

ಮನೆಗೆ ಬಂದ ವಿದೇಶಿ ಬಂಧುವಿಗೋ ಕಾಲೇಜಿನ ವಿದೇಶಿ ವಿದ್ಯಾರ್ಥಿಗೋ ವಿಮಾನ ರದ್ದಾಗಿ ವೀಸಾ ಅವಧಿ ಮುಗಿಯುತ್ತಿದ್ದರೆ, ಮುಗಿಯುವ ಮೊದಲೇ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್ಆರ್‌ಆರ್‌ಒ ಪೋರ್ಟಲಿನಲ್ಲಿ ವಿಸ್ತರಣೆಗೆ ಅರ್ಜಿ ಹಾಕಿಸಬೇಕು. ರದ್ದಾದ ಟಿಕೆಟ್, ಸಂಸ್ಥೆಯ ಸಂದೇಶ, ವಾಸದ ವಿಳಾಸದ ಪುರಾವೆ ಜೊತೆಗಿರಲಿ. ಅವಧಿ ಮೀರಿದ್ದರೆ ದೇಶ ಬಿಡಲು ನಿರ್ಗಮನ ಅನುಮತಿ ಬೇಕಾಗುತ್ತದೆ. ಅದಿಲ್ಲದೆ ನೇರವಾಗಿ ದೇವನಹಳ್ಳಿಗೆ ಹೋದರೆ ಇಮಿಗ್ರೇಷನ್‌ನಿಂದ ಹಿಂದಕ್ಕೆ ಕಳುಹಿಸುತ್ತಾರೆ. ಅರ್ಜಿ ಆನ್‌ಲೈನಿನಲ್ಲೇ ಮುಗಿಯುವುದು ರೂಢಿ. ಕರೆ ಬಂದರೆ ಮಾತ್ರ ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಕಚೇರಿಗೆ, ಅರ್ಜಿಯಲ್ಲಿ ಸೇರಿಸಿದ ಪ್ರತಿಯೊಂದು ದಾಖಲೆಯ ಮೂಲಪ್ರತಿಯೊಂದಿಗೆ ಹೋಗಬೇಕು.